ಬುದಯ್ಯಾದ ಪೇರಲ ಗಿಡದ ಮನಿ

ಬಹರೇನ್ ಅಂದ್ರ ಒಂದು ದ್ವೀಪ. ಉದ್ದ ಹುಬ್ಬಳ್ಳಿಂದ ಗದಗಿನಷ್ಟು, ಅಗಲ ಹುಬ್ಬಳ್ಳಿಂದ ಧಾರವಾಡದಷ್ಟು. ನಾಕೂ ಕಡೆ ಸಮುದ್ರ, ನಡುವ ಉಸುಕು. ಗುಡ್ಡ ಅನ್ನೋದು ಒಂದ ಒಂದು ಐತಿ, ಅದನ್ನ ನಮ್ಮ ನೃಪತುಂಗ ಬೆಟ್ಟ ಹತ್ತಿದವರಿಗೆ ಗುಡ್ಡ ಅನ್ನಾಕ ಮನಸ್ಸು ಬರಂಗಿಲ್ಲ. ಇಷ್ಟನ್ನ ನಾ ನಮ್ಮವ್ವಗ ಫೋನಿನ್ಯಾಗ ಕಲಿಸಿದ್ದೆ. ಒಂಬತ್ತು ವರ್ಷ, ಶುಕ್ರವಾರಕ್ಕೊಮ್ಮೆ, ಒಂದೊಂದ ಊರು.

ಅವ್ವ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ಗೋಪನಕೊಪ್ಪದ ನಮ್ಮ ಎರಡು ಖೋಲಿ ಮನ್ಯಾಗ ಕುಂತು ಜ್ವಾಳದ ರೊಟ್ಟಿ ಬಡದು ಖಾನಾವಳಿಗಳಿಗೆ ಕೊಡತಾಳ, ಅಪ್ಪ ತೀರಿಕೊಂಡಾಗಿಂದ ಅದ ಆಕಿ ಉದ್ಯೋಗ. ನಕಾಶಿ ಮುಂದ ಹಿಡದ್ರ ತಲಿಕೆಳಗ ಹಿಡಕೋತಾಳ, ಆದ್ರ ಹುಬ್ಬಳ್ಳಿ-ಧಾರವಾಡದ ಓಣಿ ಓಣಿ ಗೊತ್ತು. ಹಂಗಾಗಿ ಅಲ್ಲಿನ ಊರನ್ನ ಇಲ್ಲಿನ ಊರಿಗೆ ಜೋಡಿಸಿ ಹೇಳತಿದ್ದೆ. ಮನಾಮಾ ಅಂದ್ರ ರಾಜಧಾನಿ, ಅದು ನಮ್ಮ ದುರ್ಗದಬೈಲು ಇದ್ಧಂಗ, ಬಂಗಾರದ ಅಂಗಡಿ, ಅರಿವಿ ಅಂಗಡಿ, ಕಾಲಿಡಾಕ ಜಾಗಾ ಇಲ್ಲ. ರಿಫಾ ಅಂದ್ರ ವಿದ್ಯಾನಗರ, ಸ್ವಲ್ಪ ಎತ್ತರದಾಗ, ದೊಡ್ಡ ದೊಡ್ಡ ಗೇಟು. ಸಿತ್ರಾ ಅಂದ್ರ ತಾರಿಹಾಳದ ಕಾರಖಾನಿ ಕಡೆ. ಮುಹರ್ರಕ್ ಅಂದ್ರ ಧಾರವಾಡ, ಸೇತುವಿ ದಾಟಿ ಹೋಗಬೇಕು, ಹಳೇ ಊರು, ಸಣ್ಣ ಸಣ್ಣ ಓಣಿ, ಗದ್ದಲಿಲ್ಲದ ಮಂದಿ, ವಿಮಾನ ಇಳಿಯೋದೂ ಅಲ್ಲೆ.

"ಧಾರವಾಡದಾಗ ವಿಮಾನ ಎಲ್ಲೆ ಇಳೀತೈತೋ? ಗೋಕುಲ ರೋಡಿನ್ಯಾಗಲ್ಲ ಇಳಿಯೋದು?" ಅಂತ ಅವ್ವನ ತಕರಾರು.

"ಇಲ್ಲಿ ಧಾರವಾಡದಾಗ ಇಳೀತೈತಿಬೇ, ಸುಮ್ಮ ಕೇಳು."

ಆಕಿ ಫೋನನ್ನ ಹಿಟ್ಟಿನ ಡಬ್ಬಿ ಮ್ಯಾಲೆ ಸ್ಪೀಕರ್ ಹಚ್ಚಿ ಇಟ್ಟು, ರೊಟ್ಟಿ ಬಡಿಯೋ ಕಲ್ಲಿನ ಮ್ಯಾಲೆ ಹಿಟ್ಟು ಹರವಿ ದ್ವೀಪ ಮಾಡತಿದ್ಳು. ನಾ ಊರು ಹೇಳಿದಲ್ಲೆ ಬೆರಳಿಲೆ ಒಂದು ತಗ್ಗು. "ರಿಫಾ ಎಲ್ಲೆ ಬಂತು, ಹೊಕ್ಕಳದ ಮ್ಯಾಲೋ ಕೆಳಗೋ?" ಅಂತ ಕೇಳತಿದ್ಳು. ಪಾಠ ಮುಗದ ಮ್ಯಾಲೆ ಅದ ದ್ವೀಪದ ಮ್ಯಾಲೆ ಮುಂದಿನ ರೊಟ್ಟಿ.

ಈಗ ಖರೇ ಹೇಳತೇನಿ. ಈ ಊರು ಯಾವೂ ನಾ ಸರಿಯಾಗಿ ನೋಡಿದವಲ್ಲ. ನಾ ಇದ್ದದ್ದು ಸಲ್ಮಾಬಾದ್ ಅನ್ನೋ ಕಡೆ, ಬರೇ ಗ್ಯಾರೇಜಿನ ಊರದು, ಕಾರಿನ ಏಸಿ ರಿಪೇರಿ ಮಾಡ್ಕೋತ. ಮುಂಜಾನೆ ಶಟರ್ ಏರಿಸೋದು, ಸಂಜಿಗೆ ಇಳಿಸೋದು, ಹಿಂದಿನ ಓಣ್ಯಾಗಿನ ರೂಮಿಗೆ ಹೋಗೋದು. ಊರು ನನ್ನ ಹತ್ರ ತಾವ ಬರತಿದ್ವು, ಕಾರಿನ್ಯಾಗ ಕುಂತು. ಡ್ಯಾಶ್‌ಬೋರ್ಡ್ ಬಿಚ್ಚಿ ಕೂಲಿಂಗ್ ಕಾಯಿಲ್ ಹೊರಗ ತಗದ್ರ ಸಾಕು, ಈ ಕಾರು ಯಾವ ಊರಿಂದು ಅಂತ ಹೇಳಿಬಿಡತಿದ್ದೆ. ಸಿತ್ರಾದ್ದು ಎಣ್ಣಿ ಎಣ್ಣಿ, ಕರ್ರಗ. ಮುಹರ್ರಕ್‌ದ್ದು ಉಪ್ಪುಗಾಳಿ ತಿಂದು ಬಿಳೇ ಪುಡಿ ಪುಡಿ. ರಿಫಾದ ಕಾರಿನೊಳಗಿಂದ ಅತ್ತರಿನ ವಾಸನಿ. ದಕ್ಷಿಣದ ಬಯಲಿಗೆ ಹೋಗಿ ಬಂದ ಕಾರಿನ್ಯಾಗ ಮುಟಿಗಿ ಮುಟಿಗಿ ಉಸುಕು. ಆದ್ರ ಬುದಯ್ಯಾದ ಕಾರು ಬಂತಂದ್ರ ಫಿಲ್ಟರಿನ್ಯಾಗ ಎಲಿ ಸಿಗತಿದ್ವು. ಒಣಗಿದ ಎಲಿ, ಒಮ್ಮೊಮ್ಮೆ ಹೂವಿನ ಎಸಳು. ಬುದಯ್ಯಾ ದ್ವೀಪದ ವಾಯವ್ಯ ಮೂಲ್ಯಾಗ ಐತಿ, ಅಲ್ಲೆ ತ್ವಾಟ ಅದಾವು, ಖರ್ಜೂರ, ಕಾಯಿಪಲ್ಲೆ ಬೆಳೀತಾರ ಅಂತ ಡ್ರೈವರ್ ಒಬ್ಬಾಂವ ಹೇಳಿದ್ದ. ಆ ಉಸುಕಿನ ನಾಡಿನ್ಯಾಗ ಒಂದು ಎಲಿ ಕೈಗೆ ಸಿಕ್ರ ಏನನಸ್ತೈತಿ ಅನ್ನೋದು ಇಲ್ಲಿ ಕುಂತವರಿಗೆ ಗೊತ್ತಾಗಂಗಿಲ್ಲ ಬಿಡ್ರಿ. ನಾ ಒಂದು ಎಲಿ ಕಿಸೆದಾಗ ಇಟ್ಕೊಂಡು ಒಂದು ವಾರ ತಿರಗ್ಯಾಡಿದ್ದೆ.

ಬುದಯ್ಯಾಕ್ಕ ನಾ ಒಮ್ಮೆನೂ ಹೋಗಲಿಲ್ಲ. ಬಸ್ಸಿತ್ತು. ಆದ್ರ ಹೋಗಿ ಯಾರ ಬಾಗಲಾ ಬಡೀಲಿ?

ರೂಮಿನ್ಯಾಗ ನಾವು ಆರು ಮಂದಿ ಇದ್ವಿ. ಮೂವರು ಕೇರಳದವರು ಕೂಡಿ ಅಡಗಿ ಮಾಡ್ಕೊಂತಿದ್ರು, ಇಬ್ಬರು ಬಾಂಗ್ಲಾದವರದು ಬ್ಯಾರೆ. ಎರಡೂ ಒಲಿ ಮ್ಯಾಲೆ ಮೀನು. ನಾ ನೋಡಿದ್ರ ಕೊಳ್ಳಾಗ ಲಿಂಗ ಕಟ್ಟಿದಾಂವ. ಮದಲ ಮದಲ ಅವರು ಕರದ್ರು, ಛಲೋ ಮಂದಿ, ಸುಳ್ಳ ಯಾಕ ಹೇಳ್ಲಿ. ನಾ ಒಲ್ಲೆ ಅಂದೆ. ಮತ್ತ ಕರದ್ರು, ಮತ್ತ ಒಲ್ಲೆ ಅಂದೆ. ಮೂರನೇ ಸಲ ಕರೀಲಿಲ್ಲ. ಭಾಳ ಸೊಕ್ಕಿನ ಮನಶಾ ಅಂತ ತಿಳಕೊಂಡಿರಬೇಕು. ನಿಮ್ಮ ಜೋಡಿ ಕುಂತು ನನ್ನ ಅನ್ನಾ ನಾ ಉಣ್ಣತೇನಿ ಅಂತ ಅಂದಿದ್ರ ಆಗಿ ಹೋಗತಿತ್ತು. ಆ ಬುದ್ಧಿ ಆವಾಗ ಬರಲಿಲ್ಲ. ಒಂಬತ್ತು ವರ್ಷ ನನ್ನ ಕಾಟಿನ ಮ್ಯಾಲೆ ಕುಂತು, ಗ್ವಾಡಿ ಕಡೆ ಮಾರಿ ಮಾಡಿ ಉಂಡೆ.

ಶುಕ್ರವಾರ ಸೂಟಿ. ಸೂಟಿ ಅಂದ್ರ ಅಂಜಿಕಿ ನನಗ. ಮುಂಜಾನೆ ಅರಿವಿ ಒಗದು ಹಾಕಿದ್ರ ನೋಡ್ಕೋತ ನಿಂತಾಗನ ಒಣಗಿ ಹೋಗತಿದ್ವು. ಕೇರಳದವರು ತಮ್ಮ ಮಂದಿ ಕಡೆ, ಬಾಂಗ್ಲಾದವರು ತಮ್ಮ ಮಂದಿ ಕಡೆ. ಮಧ್ಯಾಹ್ನ ಎರಡರಿಂದ ಐದರ ತನಕ ರೂಮಿನ್ಯಾಗ ನಾನು, ಏಸಿ ಸಪ್ಪಳ. ತೊಳದ ತಾಟನ್ನ ಮತ್ತೊಮ್ಮೆ ತೊಳೀತಿದ್ದೆ. ಅಳು ಬರತಿತ್ತು ಅಂತ ಹೇಳಾಕ ಈಗೇನು ನಾಚಿಕಿ?

ಆ ಹೊತ್ತಿಗೆ ಅವ್ವಗ ಫೋನ್ ಹಚ್ಚತಿದ್ದೆ. ಆಕಿ ಮದಲನೇ ಮಾತು, "ಉಂಡಿ?"

"ಉಂಡೆ."

"ಯಾರ ಜೋಡಿ?"

ಇದು ನಮ್ಮವ್ವನ ಪದ್ಧತಿ. ಎಷ್ಟ ಹೊತ್ತಾಗಲಿ, ಮನ್ಯಾಗ ಯಾರರ ಉಣ್ಣಾಕ ಕುಂತ್ರ ಆಕಿನೂ ಒಂದು ತುತ್ತು ಹಾಕ್ಕೊಂಡು ಕೂಡತಾಳ. ಒಬ್ಬರ ಕುಂತು ಉಂಡದ್ದು ಮೈಗೆ ಹತ್ತಂಗಿಲ್ಲ ಅಂತ ಆಕಿ ಗಟ್ಟಿ ನಂಬಿಕಿ. "ಉಂಡಿ" ಅನ್ನೋದಕ್ಕಿಂತ "ಯಾರ ಜೋಡಿ" ಅನ್ನೋದು ಆಕಿಗೆ ದೊಡ್ಡ ಪ್ರಶ್ನೆ. ಮದಲನೇ ತಿಂಗಳು ರೂಮಿನವರ ಜೋಡಿ ಅಂತ ಹೇಳಿ ದಾಟಿಸಿದೆ. "ಅವರು ಏನು ಮಾಡಿದ್ರು? ನಿನಗ ಏನು ಹಾಕಿದ್ರು?" ಅಂತ ಕೆದರಿ ಕೆದರಿ ಕೇಳಾಕ ಹತ್ತಿದ್ಳು. ಎರಡನೇ ತಿಂಗಳು ಒಂದು ಶುಕ್ರವಾರ, ತಾಟು ತೊಳದು ಬಂದು ಕುಂತಿದ್ದೆ, ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಇಲ್ಲೊಬ್ರು ಧಾರವಾಡದ ಅಕ್ಕಾರು ಅದಾರಬೇ. ಊಟಕ್ಕ ಕರದಿದ್ರು."

ಆ ಕಡೆ ರೊಟ್ಟಿ ಬಡಿಯೋ ಸಪ್ಪಳ ನಿಂತು ಹೋತು.

"ನಮ್ಮ ಧಾರವಾಡದವರ? ಎಲ್ಲ್ಯಾರು?"

"ಮಾಳಮಡ್ಡಿ."

"ಶಿವನ! ಅಲ್ಲೆ ಎಲ್ಲೆ ಇರತಾರ?"

"ಬುದಯ್ಯಾದಾಗ."

"ಮನಿ ಹೆಂಗೈತಿ?"

"ಅಂಗಳ ಐತಿ. ಅಂಗಳದಾಗ ಒಂದು ಪೇರಲ ಗಿಡ ಐತಿ."

"ಧಾರವಾಡದವರಂದ್ಮ್ಯಾಲೆ ಪೇರಲ ಗಿಡ ಇರಬೇಕ ಬಿಡು," ಅಂತ ಅವ್ವ ನಕ್ಕಳು. ನಾ ಹೋದ ಮ್ಯಾಲೆ ಆಕಿ ನಕ್ಕಿದ್ದು ಅವತ್ತ ಮದಲು.

ಆ ನಗು ಕೇಳಿ ನಾ ಕೆಟ್ಟೆ. ಮುಂದಿನ ಶುಕ್ರವಾರನೂ ಅಕ್ಕಾರ ಮನಿ, ಅದರ ಮುಂದಿನ ಶುಕ್ರವಾರನೂ ಅಕ್ಕಾರ ಮನಿ. ನಾ ಮೊಸರಿನ್ಯಾಗ ತಣ್ಣನ ಖುಬ್ಬೂಸ್, ಅಂದ್ರ ಅರಬರ ರೊಟ್ಟಿ, ಅದ್ದಿ ತಿಂದು ಕುಂತಿರತಿದ್ದೆ, ಬಾಯಿಲೆ ಮಾತ್ರ ಬದನಿಕಾಯಿ ಎಣಗಾಯಿ, ಮಡಿಕಿಕಾಳಿನ ಪಲ್ಯಾ, ಶೇಂಗಾ ಹಿಂಡಿ ಬಡಸ್ತಿದ್ದೆ. ಹುಣ್ಣಿವಿಗೆ ಹೋಳಗಿ ಮಾಡಿದ್ರು. ಪಂಚಮಿಗೆ ಉಂಡಿ ಕಟ್ಟಿದ್ರು. ಅಕ್ಕಾರ ಗಂಡ ಮಿತಭಾಷಿ, ಬ್ಯಾಂಕಿನ್ಯಾಗ ಇರತಾರ. ಮಕ್ಕಳಿಲ್ಲ. ಮಕ್ಕಳನ್ನ ಕೊಟ್ರ ಅವರ ಹೆಸರು, ಸಾಲಿ, ಜ್ವರ ಎಲ್ಲಾ ನಾನ ನೋಡ್ಕೋಬೇಕಾಗತೈತಿ ಅಂತ ಕೊಡಲಿಲ್ಲ. ಅವ್ವನ ಹತ್ರ ಇದ್ದದ್ದು ಬಟನ್ ಫೋನು, ಫೋಟೋದ ಕಾಟ ಇರಲಿಲ್ಲ.

ಎರಡು ವರ್ಷಕ್ಕೊಮ್ಮೆ ಊರಿಗೆ ಬರತಿದ್ದೆ. ತಿರುಗಿ ಹೋಗೋವಾಗ ಅವ್ವ ಬುತ್ತಿ ಕಟ್ಟತಿದ್ಳು, ಕಡಕ್ ರೊಟ್ಟಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಎಲ್ಲಾ ಎರಡೆರಡು ಪಾಲು. ಒಂದು ನನ್ನದು, ಒಂದು ಅಕ್ಕಾರದು. ಅದರ ಮ್ಯಾಲೆ ಒಂದು ಖಣ, ಒಂದು ಡಜನ್ ಹಸರ ಬಳಿ. ಮನಿ ಮಗಳು ಗಂಡನ ಮನಿಗೆ ಹೊಂಟಾಗ ಉಡಿ ತುಂಬತಾರಲ್ಲ, ಸೀರಿ ಸೆರಗಿನ್ಯಾಗ ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕಿ, ಅದನ್ನ ಅವ್ವ ನನ್ನ ಕೈಯಾಗ ಕಳಸ್ತಿದ್ಳು. "ನನ್ನ ಹೊಟ್ಟ್ಯಾಗ ಹೆಣ್ಣು ಹುಟ್ಟಲಿಲ್ಲ. ನನ್ನ ಮಗನಿಗೆ ಕೂಡಿಸಿ ಅನ್ನಾ ಹಾಕಿದಾಕಿನ ನನ್ನ ಮಗಳು," ಅಂತಿದ್ಳು. ಬಳಿ ಅಳತಿ ಕೇಳಿದಾಗ ನಾ ಆಕಿ ಕೈ ನೋಡಿ "ನಿನ್ನಷ್ಟ ಬೇ" ಅಂದಿದ್ದೆ. ರೊಟ್ಟಿ, ಹಿಂಡಿ ಎರಡೂ ಪಾಲು ನಾನ ತಿಂದೆ. ಖಣ ತಿನ್ನಾಕ ಬರಂಗಿಲ್ಲ. ಅವು ಟ್ರಂಕಿನ್ಯಾಗ ಕುಂತ್ವು.

ಒಮ್ಮೆ ಏನು ಮಾಡಿದ್ಳು ಗೊತ್ತೈತೇನು? ಶೇಂಗಾ ಹೋಳಗಿ ಮಾಡ್ಕೊಂಡು, ಚಿಗರಿ ಬಸ್ ಹತ್ತಿ ಸೀದಾ ಧಾರವಾಡಕ್ಕ ಹೋಗಿಬಿಟ್ಟಳು. ಅಕ್ಕಾರ ತವರಮನಿ ಹುಡುಕಾಕ! ಬೀಗರ ಮನಿಗೆ ಹೋದಂಗ ಮಾಳಮಡ್ಡಿ ಓಣಿ ಓಣಿ ತಿರುಗಿ, "ಬಹರೇನಕ್ಕ ಕೊಟ್ಟ ಹೆಣ್ಣುಮಗಳು ಯಾರ ಮನಿಯಾಕಿರಿ?" ಅಂತ ಕೇಳ್ಯಾಳ. ಫೋನಿನ್ಯಾಗ ಇದನ್ನ ಕೇಳಿ ಲಗೂನ ಮತ್ತೊಂದು ಸುಳ್ಳು ಹುಡುಕಿದೆ. "ತವರಿನವರು ಮನಿ ಮಾರಿ ಪುಣಾಕ್ಕ ಹೋಗ್ಯಾರಬೇ, ಹೇಳೋದು ಮರತಿದ್ದೆ," ಅಂದೆ. ಆಕಿ ನನಗ ಒಂದು ಮಾತು ಅನಲಿಲ್ಲ. ಬೈದದ್ದು ಮಾಳಮಡ್ಡಿಯವರನ್ನ. "ದೊಡ್ಡ ಶಾಣ್ಯಾ ಊರಂತ, ಬಾಜೂ ಮನ್ಯಾಗ ಯಾರಿದ್ರು ಅನ್ನೋದು ಗೊತ್ತಿಲ್ಲ." ಹೋಳಗಿ ಬಸ್ ಸ್ಟಾಪಿನ್ಯಾಗ ಕುಂತಿದ್ದ ಯಾರೋ ಮುದುಕಿಗೆ ಕೊಟ್ಟು ಬಂದಿದ್ಳು.

ಮೂರು ವರ್ಷದ ಹಿಂದ ಆ ಗ್ಯಾರೇಜ್ ಮುಚ್ಚಿದ್ರು, ನಾ ಊರಿಗೆ ಬಂದೆ. ಅಕ್ಕಾರೂ ದೇಶ ಬಿಟ್ಟು ಹೋದ್ರು ಅಂತ ಹೇಳಿ ಕತಿ ಅಲ್ಲಿಗೆ ಮುಗಸಬಹುದಿತ್ತು. ಬಾಯಿ ಬರಲಿಲ್ಲ. ಖರೇ ಅಂದ್ರ ಆಕಿನ್ನ ಕಳಸಾಕ ನನಗ ಮನಸ್ಸಿರಲಿಲ್ಲ. ಅಷ್ಟು ವರ್ಷದಾಗ ನನ್ನ ಹತ್ರ ಅಂತ ಇದ್ದಾಕಿ ಆಕಿ ಒಬ್ಬಾಕಿ. ಆಕಿ ಹೋದ್ರ ಆ ದ್ವೀಪದಾಗ ನನ್ನ ಸಲುವಾಗಿ ಏನೂ ಉಳೀತಿರಲಿಲ್ಲ.

ಊರಿಗೆ ಬಂದು ಫ್ರಿಜ್ ರಿಪೇರಿ ಅಂಗಡಿ ಹಾಕಿದೆ, ನನಗ ಈ ಕೆಲಸ ಕಲಿಸಿದ ಉಸ್ತಾದರ ಅಂಗಡಿ ಮಗ್ಗಲದಾಗ. ಉಸ್ತಾದರಿಗೆ ಒಬ್ಬಾಕಿನ ಮಗಳು, ಸಣ್ಣಾಕಿದ್ದಾಗಿಂದ ನಮ್ಮವ್ವನ ಹಂಚಿನ ಮುಂದ ಕುಂತು ಬಿಸಿ ರೊಟ್ಟಿ ತಿಂದು ಬೆಳದಾಕಿ. ವಿದ್ಯಾನಗರದಾಗ ನರ್ಸಿಂಗ್ ಓದಿದ್ಳು. ಹೋದ ವರ್ಷ ಆಕಿಗೆ ನೌಕರಿ ಸಿಕ್ತು. ಎಲ್ಲೆ ಅಂತೀರಿ, ಬಹರೇನಿನ್ಯಾಗ.

ಉಸ್ತಾದರು ಸುತರಾಂ ಒಪ್ಪಲಿಲ್ಲ. ಗುರುತಿಲ್ಲದ ದೇಶಕ್ಕ ಹೆಣ್ಣುಹುಡುಗಿನ್ನ ಹೆಂಗ ಕಳಸ್ಲಿ ಅಂತ ಕುಂತುಬಿಟ್ರು. ಅವತ್ತ ನಾ ಯಾರದೋ ಮನಿಗೆ ಫ್ರಿಜ್ ನೋಡಾಕ ಹೋಗಿದ್ದೆ. ತಿರುಗಿ ಬಂದು ನೋಡಿದ್ರ ಕೆಲಸ ಮುಗದು ಹೋಗಿತ್ತು. ಅವ್ವ ಉಸ್ತಾದರ ಅಂಗಡಿಗೆ ಹೋಗಿ ಮಾತು ಕೊಟ್ಟಿದ್ಳು. "ಗುರುತಿಲ್ಲ ಅಂತ ಯಾಕಂತೀರಿ? ಅಲ್ಲೆ ನನ್ನ ಮಗಳ ಮನಿ ಐತಿ. ಗಂಡಹುಡುಗನ್ನ ಒಂಬತ್ತು ವರ್ಷ ನೋಡ್ಕೊಂಡಾಕಿ ಇಕಿನ್ನ ನೋಡ್ಕೊಳ್ಳಂಗಿಲ್ಲೇನು?" ಆ ಒಂದು ಮಾತಿನ ಮ್ಯಾಲೆ ಉಸ್ತಾದರು ಹೂಂ ಅಂದಿದ್ರು. ಹನ್ನೊಂದು ದಿನಕ್ಕ ವಿಮಾನ.

ನಾ ಮನಿ ಹೊಸ್ತಿಲಾ ದಾಟಿದಾಗ ಹುಡುಗಿ ಒಂದು ನೋಟಬುಕ್ ಹಿಡಕೊಂಡು ಕುಂತಿತ್ತು. ಅವ್ವ ಕಲ್ಲಿನ ಮ್ಯಾಲೆ ಹಿಟ್ಟಿನ ದ್ವೀಪ ಮಾಡಿ ಪಾಠ ಹೇಳಾಕತ್ತಿದ್ಳು. "ಇಲ್ಲೆ ವಿಮಾನ ಇಳೀತೈತಿ, ಇದು ಧಾರವಾಡ. ಇದು ದುರ್ಗದಬೈಲು. ಇದನ್ನ ದಾಟಿ ಹಿಂಗ ಎಡಕ್ಕ ಹೋದ್ರ ಬುದಯ್ಯಾ. ಅಂಗಳದಾಗ ಪೇರಲ ಗಿಡ ಇರೋ ಮನಿ. ಏನರ ತ್ರಾಸ ಆದ್ರ ಹೊತ್ತು ಗೊತ್ತು ನೋಡಬ್ಯಾಡ, ಸೀದಾ ಹೋಗು." ಒಂದ ಊರೂ ತಪ್ಪಲಿಲ್ಲ ಆಕಿಗೆ. ನನ್ನನ್ನ ನೋಡಿ, "ಬಂದ್ಯಾ? ಅಕ್ಕನ ನಂಬರ್ ಕೊಡು ಇಕಿಗೆ," ಅಂದ್ಳು.

ಹುಡುಗಿ ಪೆನ್ ಹಿಡದು ನನ್ನ ಮಾರಿ ನೋಡ್ತು. "ಅಣ್ಣಾ, ಮದಲನೇ ಸೂಟಿಗೆ ನಾ ಅಲ್ಲೇ ಹೋಗತೇನ್ರಿ."

ನಂಬರ್ ಹಳೇ ಫೋನಿನ್ಯಾಗ ಐತಿ, ಹುಡುಕಿ ಕೊಡತೇನಿ ಅಂದೆ. ಅಂದು ಅಂಗಡಿಗೆ ಓಡಿದೆ. ಮೂರು ದಿನ ಹಿಂಗ ಓಡಿದೆ. ನನ್ನ ಹೊಟ್ಟಿ ತುಂಬಿಸಿಕೊಳ್ಳಾಕ ಕಟ್ಟಿದ ಮನಿ ಅದು. ಅದರ ಬಾಗಲಾ ಹುಡುಕ್ಕೋತ ಈ ಹುಡುಗಿ ಬ್ಯಾಗ್ ಹಿಡಕೊಂಡು ಬುದಯ್ಯಾದ ರಸ್ತಾದಾಗ ನಿಂತಾಳ, ಏನೋ ತ್ರಾಸಿನ್ಯಾಗ ಅದಾಳ, ಕಂಡ ಕಂಡವರ ಅಂಗಳದಾಗ ಪೇರಲ ಗಿಡ ಐತೇನು ಅಂತ ಇಣುಕಿ ನೋಡಾಕತ್ತಾಳ. ಕಣ್ಣ ಮುಂದಿಂದ ಅದು ಸರೀಲಿಲ್ಲ. ಅತ್ತಾಗ ಖರೇ ಹೇಳಿದ್ರ ಅವ್ವನ ಮಗಳನ್ನ ನನ್ನ ಕೈಯಾರೆ ಕೊಂದಂಗ.

ನಾಕನೇ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದೆ. ಅವ್ವ ರೊಟ್ಟಿ ಬಡ್ಯಾಕತ್ತಿದ್ಳು. ಮುಂದ ಕುಂತು ಹೇಳಿದೆ. "ಯವ್ವಾ, ಆ ಅಕ್ಕಾರು ಇಲ್ಲಬೇ."

"ಅಯ್ಯ, ಎಲ್ಲೆ ಹೋದ್ರು?"

"ಎಲ್ಲೂ ಹೋಗಿಲ್ಲ. ಮದಲಿಂದನೂ ಇರಲ ಇಲ್ಲ. ನಾ ಸುಳ್ಳು ಹೇಳಿದ್ದೆ."

ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿದ ವಾಸನಿ ಬಂತು. ಇಬ್ಬರೂ ತಗೀಲಿಲ್ಲ.

"ಮನಿ?"

"ಇಲ್ಲ."

"ಪೇರಲ ಗಿಡ?"

"ಆಕಿನ ಇಲ್ಲಂದ್ಮ್ಯಾಲೆ ಗಿಡ ಎಲ್ಲಿಂದ್ಬೇ."

ಬೈತಾಳ ಅಂತ ತಿಳದಿದ್ದೆ. ಹಿಟ್ಟಿನ ಕೈ ಹಂಗ ಮಡಲಾಗ ಇಟ್ಕೊಂಡು ಕೇಳಾಕ ಹತ್ತಿದ್ಳು. "ದೀಪಾವಳಿಗೆ ಯಾರ ಜೋಡಿ ಉಂಡಿ?"

"ಒಬ್ಬನ."

"ಯುಗಾದಿಗೆ?"

"ಒಬ್ಬನ."

"ಪಂಚಮಿಗೆ? ಉಂಡಿ ಕಟ್ಟಿದ್ರು ಅಂದಿದ್ದಿ."

"ಒಬ್ಬನಬೇ. ದಿನಾ ಒಬ್ಬನ."

ವರ್ಷದ ಒಂದು ಹಬ್ಬಾ ಬಿಡಲಿಲ್ಲ ಆಕಿ. ಎಲ್ಲಾ ಮುಗದ ಮ್ಯಾಲೆ, "ಖಣ ಎಲ್ಲೆ?" ಅಂದ್ಳು. ಟ್ರಂಕ್ ತಂದು ತಗದೆ. ನಾಕು ಖಣ, ಮಡಿಕಿ ಬಿಚ್ಚಿಲ್ಲ. ಬಳಿ ಅರ್ಧ ಒಡದಿದ್ವು. ಹಿಟ್ಟು ಹತ್ತೀತು ಅಂತ ಕೈ ಒರಸ್ಕೊಂಡು ಒಂದೊಂದ ಖಣ ಸವರಿದ್ಳು.

"ಮೂಳಾ, ಒಂದ ಮಾತು ಖರೇ ಹೇಳಿದ್ರ ಬಾ ಅಂತಿದ್ನೆಲ್ಲೋ. ಇಲ್ಲೆ ನಾನೂ ಒಬ್ಬಾಕಿನ ಉಣ್ಣಾಕಾಗದ ಕರದವರ ಮನಿಗೆಲ್ಲಾ ಹೋಗಿ ಉಂಡು ದಿನಾ ತಗದೇನಿ. ಸಾಕು, ಬಂದುಬಿಡೋ ಅನ್ನೋದು ಎಷ್ಟು ಸಲ ಬಾಯಿತನಕ ಬಂದಿತ್ತು. ಹುಡುಗಗ ಅಲ್ಲೊಂದು ಮನಿ ಐತಿ, ಅಕ್ಕ ಅದಾಳ, ಸುಖದಾಗ ಅದಾನ, ನನ್ನ ಸಲುವಾಗಿ ಯಾಕ ಬಿಡಿಸ್ಲಿ ಅಂತ ನುಂಗಿ ನುಂಗಿ ಇಟ್ಕೊಂಡೆ. ಆಕಿ ಇಲ್ಲದಿದ್ರ ಮದಲನೇ ವರ್ಷನ ಕರಕೊಂತಿದ್ದೆ ನಿನ್ನ."

ಆಕಿ ಜೀವಕ್ಕ ನೆಮ್ಮದಿ ಇರಲಿ ಅಂತ ಹೇಳಿದ ಸುಳ್ಳು ಅದು. ಅದ ನನ್ನನ್ನ ಅಲ್ಲೆ ಕೂಡಿಸಿತ್ತು.

ಆಕಿ ಎದ್ದು ಸೆರಗು ಸರಿ ಮಾಡ್ಕೊಂಡ್ಳು. "ಮಾತು ಕೊಟ್ಟಾಕಿ ನಾ. ನಾನ ಹೋಗಿ ಹೇಳತೇನಿ," ಅಂದು ಉಸ್ತಾದರ ಅಂಗಡಿಗೆ ಹೊಂಟಳು. ನಾ ಹಿಂದ ಹೋದೆ. ಎಲ್ಲಾ ಕೇಳಿ ಉಸ್ತಾದರು ನನ್ನ ಕಡೆ ತಿರುಗಿದ್ರು. "ಲೀಕ್ ಇದ್ದ ಫ್ರಿಜ್ಜಿಗೆ ಗ್ಯಾಸ್ ತುಂಬಬಾರದು, ಮದಲ ಲೀಕ್ ಹುಡುಕು ಅಂತ ಕಲಿಸಿದ್ದೆ ನಿನಗ. ಎಷ್ಟು ವರ್ಷ ಬರೇ ಗ್ಯಾಸ್ ತುಂಬಿದ್ಯೋ?" ಅಂದ್ರು. ಮಗಳಿಗೆ, "ಹೋಗೋದು ಬ್ಯಾಡ," ಅಂದ್ರು.

ಹುಡುಗಿ ಅಳಲಿಲ್ಲ, ಹಟಾನೂ ಮಾಡಲಿಲ್ಲ. ನೋಟಬುಕ್ ತಗದು ಪೇರಲ ಗಿಡದ ಮನಿ ಇದ್ದ ಹಾಳಿ ಹರದು ಹಾಕ್ತು. "ಅಣ್ಣಾ, ಇಲ್ಲದ್ದು ಗೊತ್ತಾತು. ಈಗ ಅಲ್ಲೆ ಇರೋದು ಏನೈತಿ, ಅದನ್ನ ಹೇಳ್ರಿ."

ಎರಡು ಸಂಜಿ ಕುಂತು ಹೇಳಿದೆ. ಯಾವ ಊರಿನ ಗಾಳಿಗೆ ಉಪ್ಪು, ಯಾವುದಕ್ಕ ಎಣ್ಣಿ ಅಂತ ಹೇಳಿದೆ. ಮನಾಮಾದ ಪ್ಯಾಟ್ಯಾಗ ಜ್ವಾಳದ ಹಿಟ್ಟು ಸಿಗತೈತಿ ಅಂತ ಹೇಳಿದೆ. ಬುದಯ್ಯಾದ ಬಗ್ಗೆ ನನಗ ಗೊತ್ತಿರೋದು ಎಲಿ ಅಷ್ಟ ಅಂತ ಹೇಳಿದೆ. ಯಾರರ ಉಣ್ಣಾಕ ಕರದ್ರ ಎರಡನೇ ಸಲ ಒಲ್ಲೆ ಅನಬ್ಯಾಡ, ನಿನ್ನ ತಾಟು ತಗೊಂಡು ಹೋಗಿ ಮಗ್ಗಲಕ ಕೂಡು. ಸೂಟಿ ದಿನ ಮಧ್ಯಾಹ್ನ ಎರಡರಿಂದ ಐದರ ತನಕ ರೂಮಿನ್ಯಾಗ ಇರಬ್ಯಾಡ, ಬಿಸಲಿದ್ರೂ ಹೊರಗ ಹೋಗು. ಇದನ್ನೂ ಹೇಳಿದೆ. ಉಸ್ತಾದರು ಒಂದು ಹಳೇ ಕಂಪ್ರೆಸರ್ ಬಿಚ್ಚಿಟ್ಕೊಂಡು ಕೇಳಾಕತ್ತಿದ್ರು. ಎರಡನೇ ಸಂಜಿ ಕೈ ಒರಸ್ಕೊಂಡು ಎದ್ರು, "ಇದು ಖರೇ ಐತಿ. ಇದನ್ನ ಹಿಡಕೊಂಡು ಹೋಗು," ಅಂದ್ರು.

ಹೊಂಟ ದಿನ ಅವ್ವ ನಾಕೂ ಖಣ ಹುಡುಗಿ ಬ್ಯಾಗಿನ್ಯಾಗ ತುರುಕಿದ್ಳು. "ಅಲ್ಲೆ ಯಾರು ಸಿಗತಾರ ಅವರಿಗೆ ಕೊಡು. ಯಾವ ಊರಿನಾಕಿ ಇದ್ರೂ ನಡೀತೈತಿ, ಇರೋವಾಕಿ ಆಗಿರಬೇಕು," ಅಂತ ಹೇಳಿ ನನ್ನ ಕಡೆ ನೋಡಿದ್ಳು. ನನ್ನ ಜೋಡಿ ಸರಿಯಾಗಿ ಮಾತಾಡಿರಲಿಲ್ಲ ಇನ್ನೂ.

ಹುಡುಗಿ ಹೋಗೋ ಮುಂದ ಅವ್ವನ ಕೈಯಾಗ ಒಂದು ಟಚ್ ಫೋನ್ ಕೊಟ್ಟು, ಮಾರಿ ಕಾಣೋ ಹಂಗ ಮಾತಾಡೋದು ಕಲಿಸಿ ಹೋಗಿತ್ತು. ಮದಲನೇ ಸೂಟಿ ದಿನ ನಮ್ಮಲ್ಲೆ ಸಂಜಿ ನಾಕೂವರಿ, ಅಲ್ಲೆ ಮಧ್ಯಾಹ್ನ ಎರಡು. ಫೋನ್ ಬಂತು. ಹುಡುಗಿ ಹಿಂದ ಬಿಳೇ ಗ್ವಾಡಿ, ಕಾಟು. ನಾ ನೋಡ್ಕೋತ ಉಂಡ ಅಂಥಾದ ಗ್ವಾಡಿ. ನಾ ಬಾಗಲದಾಗ ನಿಂತಿದ್ದೆ.

"ಉಂಡಿ?" ಅಂದ್ಳು ಅವ್ವ.

"ಈಗ ಉಣ್ಣಬೇಕ್ರಿ ಅವ್ವಾ."

"ಯಾರ ಜೋಡಿ?"

"ಇಲ್ಲೆ ಹುಡುಗ್ಯಾರು ಅದಾರ್ರಿ, ಅವರ ಜೋಡಿ…"

"ಖರೇ ಹೇಳು."

ಹುಡುಗಿ ತಾಟು ತೋರಿಸ್ತು. "ಎಲ್ಲಾರೂ ಡ್ಯೂಟಿಗೆ ಹೋಗ್ಯಾರ. ಒಬ್ಬಾಕಿನ."

"ತಡಿ. ಫೋನ್ ಇಡಬ್ಯಾಡ."

ಅವ್ವ ಉಂಡು ಮೂರು ತಾಸಾಗಿತ್ತು. ಕೈ ತೊಳಕೊಂಡು, ಒಂದು ತಾಟಿಗೆ ರೊಟ್ಟಿ, ಹಿಂಡಿ, ಮೊಸರು ಹಾಕ್ಕೊಂಡು ಬಂದ್ಳು. ಫೋನನ್ನ ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟು ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಂತ್ಳು. "ಹೂಂ. ಈಗ ಉಣ್ಣು," ಅಂದು ತಾನೂ ರೊಟ್ಟಿ ಮುರದ್ಳು. ಹುಡುಗಿ ನಕ್ಕೋತ ಕಣ್ಣು ಒರಸ್ಕೊಂತು, ಒಂದು ತುತ್ತು ಬಾಯಾಗ ಇಟ್ಕೊಂತು.

ಇಷ್ಟ ನೋಡ್ರಿ. ಒಂಬತ್ತು ವರ್ಷ ನನಗ ಬೇಕಾಗಿದ್ದು ಇಷ್ಟ. ಬಟನ್ ಫೋನಿನ್ಯಾಗ ಮಾರಿ ಕಾಣತಿರಲಿಲ್ಲ ಅಷ್ಟ, ಆಕಿ ರೊಟ್ಟಿ ಮುರಿಯೋ ಸಪ್ಪಳ ಕೇಳತಿತ್ತು. ಒಬ್ಬನ ಅದೇನಿ ಯವ್ವಾ ಅಂತ ಒಮ್ಮೆ ಅಂದಿದ್ರ ಹೊಟ್ಟಿ ತುಂಬಿದ್ರೂ ಮತ್ತೊಂದು ತಾಟು ಹಾಕ್ಕೊಂಡು ಕೂಡತಿದ್ಳು.

"ಏನ್ ನಿಂತಿ ಬಾಗಲದಾಗ?" ಅವ್ವ ತಿರುಗಿ ನೋಡಲಾರದ ಅಂದ್ಳು. "ನೀನೂ ತಾಟು ತಗೊಂಡು ಬಾ."

ಒಳಗಿನ ಖೋಲಿಗೆ ಹೋದೆ. ತಾಟು ಕೈಯಾಗ ಹಿಡಕೊಂಡು ಗ್ವಾಡಿ ಕಡೆ ಮಾರಿ ಮಾಡಿ ನಿಂತೆ, ರೂಢಿ ನೋಡ್ರಿ. ಹೊರಗಿಂದ ಅವ್ವನ ಧ್ವನಿ ಬಂತು.

"ಲಗೂ ಬಾರೋ. ನಿನ್ನ ಸಲುವಾಗಿ ಕಾಯಾಕತ್ತೇವಿ."